ಕೂಗಿಗೆ ಬಂದ ಕುರಿಗಳು

ಹನುಮೇಶ,

ನಿನ್ನ ಮಗಳು ಮೋನಿಕಾ ಕಾಲೇಜಿಗಾಗಿ ಮಾಡಿದ ವಿಡಿಯೋ ಹಾಡಿಗೆ ಆದ ಖರ್ಚು: ನನ್ನ ಕಾಯಿ ಮಂಡಿಯ ತಳ್ಳುಗಾಡಿ, ಅರ್ಧ ಚೀಲ ಮೆಕ್ಕೆಜೋಳ, ನನ್ನ ಮಧ್ಯಾಹ್ನದ ನಿದ್ದೆ. ನೀನು ತೀರಿಹೋದ ಮೇಲೆ ನಾನು ನಿನ್ನೂರಾದ ಆದಿವಾಲಕ್ಕೆ ಮೊದಲು ಕಾಲಿಟ್ಟದ್ದು ಆ ಶೂಟಿಂಗಿನ ದಿನವೇ.

ಸಂಜೆಗೆ ನಿನ್ನ ಹಿಂಡು ಕೊಂಡವರ ಪಾಲಾಗುತ್ತಿತ್ತು. ಶಾಟ್ ಅಷ್ಟರೊಳಗೆ ಸಿಗಬೇಕು. ಅವಳು ಗಾಡಿಯ ಮೇಲೆ ಬೋರಲು ಮಲಗಿ ಕ್ಯಾಮೆರಾ ಇಳಿಬಿಟ್ಟಳು, ನಾನು ಎಳೆದೆ. ಜೋಳ ಚೆಲ್ಲಿದರೂ ಒಂದು ಕುರಿಯೂ ಹಿಂದೆ ಬರಲಿಲ್ಲ.

"ದಿಲಾವರ್ ಮಾಮ, ಅವು ಅಪ್ಪನ ಕೂಗಿಗೇ ಬರಾದು" ಎಂದು ಫೋನಿನಲ್ಲಿ ರೆಕಾರ್ಡ್ ಆಗಿದ್ದ ನಿನ್ನ ಕೂಗು ಹಾಕಿದಳು. ಹಿಂಡು ನುಗ್ಗಿದ ರಭಸಕ್ಕೆ ನಾನು ಗಾಡಿ ಬಿಟ್ಟು ಓಡಿದೆ.

ನಿನ್ನೆ ಹಿರಿಯೂರಿನ ಕಾಲೇಜಿನಲ್ಲಿ ಮೇಷ್ಟ್ರು ಒಂದೊಂದೇ ಶಾಟ್ ನಿಲ್ಲಿಸಿ ವಿವರಿಸಿದರು. ಕ್ಯಾಮೆರಾ ಕುರಿಯ ಕಣ್ಣಿನ ಎತ್ತರದಲ್ಲಿದೆ, ಪ್ರತಿ ಕಟ್ ಕೂಗಿನ ಮೇಲೇ ಬೀಳುತ್ತದೆ, ಕೂಗುವವನು ಮಾತ್ರ ಕಾಣುವುದಿಲ್ಲ.

"ಕೊನೆಗೆ ಚಿತ್ರ ನಡುಗಿದ್ದು ಯಾಕಮ್ಮ?"

"ಭಾವನೆ, ಸರ್."

"ಭಾವನೆ ಅಲ್ರಿ, ಗಾಡಿ ಬಿಟ್ಟೋನು ನಾನು" ಎಂದೆ ಹಿಂದಿನ ಬೆಂಚಿನಿಂದ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಿನ್ನ ಮಗಳೇ.

ಈಗ ಲಾಭದ ಲೆಕ್ಕ. ಮೋನಿಕಾಗೆ ಮೊದಲ ಬಹುಮಾನ. ಹಿಂಡು ಕೊಂಡವರಿಗೆ ಕುರಿಯ ಜೊತೆ ನಿನ್ನ ಕೂಗು. ಅದಿಲ್ಲದೆ ಅವು ಹೆಜ್ಜೆ ಎತ್ತಲಿಲ್ಲ. ನಾನೂ ನನ್ನ ಫೋನಿಗೆ ಹಾಕಿಸಿಕೊಂಡೆ. ನನ್ನ ಹತ್ತಿರ ಕುರಿ ಒಂದೂ ಇಲ್ಲ.