ಬಾಗದ ಲೋಹಕ್ಕೆ ಬಿದ್ದ ಸೀಲು

ಹೊಸ ಮಾದರಿಯ ವಾಹನಗಳಿಗೆ ಯೋಗ್ಯತೆಯ ಸೀಲು ಒತ್ತುವ ಮಾನ್ಯ ಅಧಿಕಾರಿಗಳೇ,

ಪಾರದರ್ಶಕ ಲೋಹದ ಪಿಲ್ಲರ್ ಇರುವ ಆ ಪ್ರಾಯೋಗಿಕ ಕಾರಿಗೆ ನೀವು ಕೊಟ್ಟ ಪ್ರಮಾಣಪತ್ರವನ್ನು ನಾನು ನಂಬುವುದಿಲ್ಲ. ಸೋಮವಾರದಿಂದ ಅದನ್ನು ಬಿಟಿಎಂ ಲೇಔಟಿನ ರಸ್ತೆಗಳಲ್ಲಿ ಓಡಿಸಬೇಕಾದವಳು ಆ ಕಂಪನಿಯಲ್ಲಿ ಟೆಸ್ಟ್ ಡ್ರೈವರ್ ಆಗಿರುವ ನನ್ನ ಮಗಳು ಚೈತ್ರ. ಟಪಾಲಿಗೆ ಹಾಕಿದ ಎರಡು ಅರ್ಜಿಗಳು ನಿಮ್ಮ ಯಾವ ಕಪಾಟಿನಲ್ಲಿ ನಿದ್ದೆ ಮಾಡುತ್ತಿವೆಯೋ ತಿಳಿಯದು. ಹಾಗಾಗಿ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಕಾರಿನ ಮುಂದಿನ ಗಾಜಿನ ಎರಡೂ ಪಕ್ಕ ಚಾವಣಿಯನ್ನು ಹೊತ್ತ ಕಂಬ ನಿಂತಿರುತ್ತದಲ್ಲ, ಅದೇ ಪಿಲ್ಲರ್. ತಿರುವಿನಲ್ಲಿ ಅದರ ಮರೆಗೆ ಬಂದ ಬೈಕಿನವನು ಡ್ರೈವರಿಗೆ ಕಾಣುವುದಿಲ್ಲ. ಆಚೆ ಕಾಣುವಂಥ ಲೋಹ ಬಂದರೆ ಎಷ್ಟೋ ಜೀವ ಉಳಿದೀತು, ಒಪ್ಪಿದೆ. ಆದರೆ ಇದು ಲೋಹವೇ? ಸಿದ್ದಾಪುರದಲ್ಲಿ ಮೂವತ್ತೆಂಟು ವರ್ಷ ಟಿಂಕರಿಂಗ್ ಮಾಡಿದವನು ನಾನು. ತಗಡು ಪೆಟ್ಟು ಬಿದ್ದರೆ ನೆಗ್ಗುತ್ತದೆ. ತಾನು ನೆಗ್ಗಿ ಒಳಗಿದ್ದವರನ್ನು ಕಾಯುತ್ತದೆ. ಇದನ್ನು ತಟ್ಟಿದರೆ ಪಿಂಗಾಣಿ ಬಟ್ಟಲಿನ ಸದ್ದು ಬರುತ್ತದೆ. ಅಲ್ಯೂಮಿನಿಯಂ ಬೆರೆಸಿ ಸುಟ್ಟ ಪಿಂಗಾಣಿಯ ಜಾತಿಯೇ ಇದು ಎಂದು ಕಂಪನಿಯ ಎಂಜಿನಿಯರೇ ಬಾಯಿತಪ್ಪಿ ಹೇಳಿದರು. ಹಾಗಾದರೆ ಕಾಗದದಲ್ಲಿ ಲೋಹ ಎಂದು ಬರೆದವರು ಯಾರು? ಕೇಳದೆ ಒಪ್ಪಿದವರು ಯಾರು?

ತಪಾಸಣೆಯ ದಿನ ಮಗಳ ಜೊತೆ ನಾನೂ ನಿಮ್ಮ ಕಚೇರಿಯ ಅಂಗಳದಲ್ಲಿದ್ದೆ. ನಿಮ್ಮ ಇನ್ಸ್‌ಪೆಕ್ಟರ್ ಸೀಟಿನಲ್ಲಿ ಕುಳಿತು, ಪಿಲ್ಲರಿನಾಚೆ ನಿಂತಿದ್ದ ಎಳನೀರು ಗಾಡಿಯನ್ನು ದಿಟ್ಟಿಸಿ, "ಏನ್ ಕ್ಲಿಯರ್ರಾಗಿದೆ ಗುರು, ಸಖತ್!" ಎಂದರು. ತಪಾಸಣೆ ಮುಗಿಯಿತು. ಅವರು ನೋಡಿದ್ದು ಎಳನೀರನ್ನು, ಪಿಲ್ಲರನ್ನಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನಿಮ್ಮ ಇಲಾಖೆಯ ಪಠ್ಯದಲ್ಲಿ ಇಲ್ಲವೇನೋ.

ಮರುದಿನ ಚೈತ್ರ ಸೀಲು ಬಿದ್ದ ಆ ಕಾರನ್ನು ಹೆಮ್ಮೆಯಿಂದ ನನ್ನ ಶೆಡ್ಡಿಗೆ ತಂದಳು. ಡ್ರೈವರ್ ಕಡೆಯ ಪಿಲ್ಲರಿನ ಬುಡದ ರಬ್ಬರನ್ನು ಸರಿಸಿದೆ. ನಮ್ಮಲ್ಲೊಂದು ಹಳೆಯ ಪದ್ಧತಿಯಿದೆ. ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸುತ್ತೇವೆ. ಕಣ್ಣಿಗೆ ಕಾಣದ ಕೂದಲೆಳೆಯಂಥ ಬಿರುಕಿದ್ದರೂ ಒಳಗಿಳಿದ ಎಣ್ಣೆ ಪುಡಿಗೆ ಹತ್ತಿ ಒದ್ದೆ ಗೆರೆ ಮೂಡುತ್ತದೆ. ಐದೇ ನಿಮಿಷಕ್ಕೆ ಗೇಣುದ್ದದ ಗೆರೆ ಮೂಡಿತು.

"ಇದನ್ನ ಓಡಿಸ್ಬೇಡ ಕಣವ್ವಾ," ಎಂದೆ.

"ಗೌರ್ಮೆಂಟೋರೇ ಸೀಲ್ ಹಾಕವ್ರೆ ಕಣಪ್ಪ. ಅವ್ರಿಗಿಂತ ನಿಂಗ್ ಜಾಸ್ತಿ ಗೊತ್ತಾ?" ಎಂದು ಅವಳು ಬಟ್ಟೆಯಿಂದ ಪುಡಿ ಒರೆಸಿಬಿಟ್ಟಳು.

ಕಂಪನಿಗೆ ಫೋನ್ ಮಾಡಿದರೆ, "ಆಫೀಸಿನ ಸರ್ಟಿಫಿಕೇಟ್ ಇದೆಯಲ್ಲಾ ಅಂಕಲ್." ನಿಮ್ಮ ಕಚೇರಿಗೆ ಬಂದರೆ, "ಕಂಪನಿ ರಿಪೋರ್ಟ್ ಇದೆಯಲ್ರೀ." ಇಬ್ಬರಲ್ಲಿ ಒಬ್ಬರಾದರೂ ಆ ಪಿಲ್ಲರನ್ನು ಮುಟ್ಟಿ ನೋಡಿದ್ದೀರಾ?

ಭಾನುವಾರ ಸಂಜೆಯೊಳಗೆ ಆ ಪ್ರಮಾಣಪತ್ರವನ್ನು ಹಿಂತೆಗೆದುಕೊಳ್ಳಿ. ಆಗದಿದ್ದರೆ ಸೋಮವಾರ ಬೆಳಿಗ್ಗೆ ಬಂದು ಅವಳ ಪಕ್ಕದ ಸೀಟಿನಲ್ಲಿ ನೀವೇ ಕುಳಿತುಕೊಳ್ಳಿ. ಹಿಂದಿನ ಸೀಟಿನಲ್ಲಿ ನಾನಿರುತ್ತೇನೆ. ಅವಳೊಬ್ಬಳನ್ನೇ ಆ ಕಾರಿನಲ್ಲಿ ಕಳಿಸುವ ಧೈರ್ಯ ಹೆತ್ತ ನನಗಿಲ್ಲ. ನಿಮಗೆ ಎಲ್ಲಿಂದ ಬಂತು?

ಇಂತಿ,
ಹೆತ್ತ ಮಗಳ ಮುಂದೆ ನಿಮ್ಮ ಸೀಲಿಗೆ ಸೋತ ಅಪ್ಪ,
ಯಲ್ಲಯ್ಯ, ಟಿಂಕರ್, ಸಿದ್ದಾಪುರ