ಎರಡು ಸಲ ತಟ್ಟುವುದು

ಜುಲೈ 14, ಸೋಮವಾರ

ಇವತ್ತೂ ಬೀಳುವುದೇ. ಹಿಂದಕ್ಕೆ, ಪಕ್ಕಕ್ಕೆ, ಮತ್ತೆ ಹಿಂದಕ್ಕೆ. ಗದ್ದ ಎದೆಗೊತ್ತಿ, ಕೈ ಮ್ಯಾಟಿಗೆ ಬಡಿದು. ಜೂಡೋ ಸೇರಿ ತಿಂಗಳಾಯಿತು, ಯಾರನ್ನೂ ಇನ್ನೂ ಎತ್ತಿ ಹಾಕಿಲ್ಲ. ಬೇಸರವೇನಿಲ್ಲ. ಕ್ಲಾಸ್ ನಡೆಯುವ ಹಾಲ್‌ನಲ್ಲಿ ನಿನ್ನೆ ಯಾರದೋ ನಾಮಕರಣ. ಮ್ಯಾಟ್ ಹಾಸುವ ಮುಂಚೆ ಅಕ್ಷತೆ ಗುಡಿಸಿದೆವು.

ಅಮ್ಮ ಹೋದದ್ದು ಏಪ್ರಿಲ್‌ನಲ್ಲಿ. ಹಾಸಿಗೆ ಹಿಡಿದಿದ್ದಳು, ಸಂಜೆ ಆರಕ್ಕೆ ಅವಳ ಮಗ್ಗುಲು ಬದಲಿಸಬೇಕಿತ್ತು. ಆ ಹೊತ್ತು ಈಗ ಖಾಲಿ. ಸೇರಲು ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಜುಲೈ 18, ಶುಕ್ರವಾರ

ಹೆಂಗಸರು ಇಬ್ಬರೇ, ಹಾಗಾಗಿ ಜೋಡಿ ಗೌತಮಿ. ಹೆಬ್ಬಾಳದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ನೇರ ಬರುತ್ತಾಳೆ. ಆಗಸ್ಟ್ ಕೊನೆಗೆ ಅವಳ ಬೆಲ್ಟ್ ಪರೀಕ್ಷೆ, ಆರ್ಮ್‌ಲಾಕ್ ತೋರಿಸಬೇಕು. ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ ಮೊಣಕೈಯನ್ನು ತಿರುವುಮುರುವು ಒತ್ತುವುದು. ನೋವು ಬಂದ ಕೂಡಲೇ ಕೆಳಗಿರುವವರು ಎರಡು ಸಲ ತಟ್ಟಬೇಕು. ತಟ್ಟಿದರೆ ಬಿಡಬೇಕು.

ನಾನು ತಟ್ಟಲಿಲ್ಲ. ಅವಳೇ ಬಿಟ್ಟಳು.

"ಅಕ್ಕ, ನಿಮ್ ಮುಖ ಬಸ್‌ಸ್ಟಾಪಲ್ಲಿ ಕೂತಂಗಿರ್ತದೆ. ನಂಗೆಂಗ್ ಗೊತ್ತಾಗಬೇಕು? ನಾನೇನ್ ಶಾಸ್ತ್ರ ಹೇಳೋಳಾ?"

ಕೋಚ್ ನಾಗೇಂದ್ರ ಆ ಕಡೆಯಿಂದ: "ಮಾಲವಿಕಾ ಮೇಡಂ, ಇದು ದಸರಾ ಕುಸ್ತಿ ಅಲ್ಲ ಕಣ್ರೀ. ತಟ್ಬುಡಿ."

ಸರಿ ಅಂದೆ.

ಜುಲೈ 27

ಓದುತ್ತಿರುವುದು ಹಂಗೇರಿಯ ಕಾದಂಬರಿ. ಇಂಗ್ಲಿಷ್ ದಾಟಿ ಕನ್ನಡಕ್ಕೆ ಬಂದದ್ದು. ಒಂದು ಅಧ್ಯಾಯದಲ್ಲಿ ಮಗು ಸಾಯುತ್ತದೆ. ಅನುವಾದಕರು 'ಹಿಮ' ಅನ್ನುವ ಕಡೆ 'ಮಂಜು' ಹಾಕಿದ್ದಾರೆ. ನಾನು ಗಮನಿಸಿದ್ದು ಅದನ್ನೇ, ಮಗುವನ್ನಲ್ಲ.

ಆಗಸ್ಟ್ 1, ರಾತ್ರಿ

ಗೌತಮಿ ಲಾಕ್ ಹಾಕಿದಾಗ ಬಲ ಮೊಣಕೈಯಲ್ಲಿ ಶಬ್ದ ಬಂತು. ಗೆಣ್ಣು ಮುರಿದ ಹಾಗೆ. ನೋವು ಇತ್ತು... ಪಕ್ಕದ ಮನೆಯ ಮಿಕ್ಸಿಯ ಥರ, ಗೋಡೆಯಾಚೆ. ತಟ್ಟಲು ಎಡಗೈ ಖಾಲಿಯೇ ಇತ್ತು. ತಟ್ಟಲಿಲ್ಲ.

ಅತ್ತದ್ದು ಗೌತಮಿ.

ಎಡಗೈಯಲ್ಲಿ ಬರೆಯುವುದು ಕಷ್ಟ.

ಆಗಸ್ಟ್ 20, ಬುಧವಾರ

ಲಿಗಮೆಂಟ್ ಎಳೆದದ್ದು ಅಷ್ಟೇ, ಹರಿದಿಲ್ಲ. ಪಟ್ಟಿ ಬಿಚ್ಚಿದರು. ಸುಮ್ಮನೆ ನೋಡಿ ಬರೋಣ ಅಂತ ಕ್ಲಾಸಿಗೆ ಹೋದೆ. ಗೌತಮಿ ಮೂಲೆಯಲ್ಲಿ ಒಬ್ಬಳೇ ಉರುಳುತ್ತಿದ್ದಳು.

ಲಾಕ್ ಹಾಕುವುದನ್ನೇ ಬಿಟ್ಟಿದ್ದಾಳಂತೆ. "ಗಂಡುಡುಗ್ರು ಮೇಲೂ ಹಾಕ್ತಿಲ್ಲ," ಅಂದರು ನಾಗೇಂದ್ರ. "ತೋಳು ಸಿಗ್ತದೆ, ಎಳೆಯೋ ಹೊತ್ಗೆ ಕೈ ಬಿಟ್‌ಬುಡ್ತಾಳೆ. ಪರೀಕ್ಷೆಗೆ ಬರಲ್ಲ ಅಂತಾವ್ಳೆ. ನಿಮ್ ಕೈ ವಾಸಿಯಾಗ್ತದೆ ಬುಡಿ ಮೇಡಂ. ಅವಳದು?"

ಹೊರಗೆ ಅವಳನ್ನು ಮಾತಾಡಿಸಿದೆ. ತಪ್ಪು ನಂದು ಅಂದೆ.

"ಯಾರ್ದಾದ್ರೂ ಆಗ್ಲಿ ಅಕ್ಕ. ಆ ಸದ್ದು ನನ್ ಕೈಗೇ ಕೇಳಿಸ್ತು."

ಆಗಸ್ಟ್ 21

ಅಮ್ಮನಿಗೆ ಸ್ಟ್ರೋಕ್ ಆದ ಮೇಲೆ ಮಾತಿರಲಿಲ್ಲ. ಮಗ್ಗುಲು ಬದಲಿಸುವಾಗ ನೋವಾದರೆ ಮಂಚದ ಕಂಬಿ ತಟ್ಟುತ್ತಿದ್ದಳು. ನಿಲ್ಲಿಸುತ್ತಿದ್ದೆ. ದಿಂಬು ಸರಿಸಿ ಮತ್ತೆ. ನಾಲ್ಕು ವರ್ಷ ನಡೆಯಿತು, ಜಗಳವಿಲ್ಲದೆ.

ಕೊನೆಯ ವಾರ ತಟ್ಟಲಿಲ್ಲ. ಆಗಲೂ ಮಗ್ಗುಲು ಬದಲಿಸಬೇಕಲ್ಲ — ಬದಲಿಸಿದೆ. ನೋವಾಯಿತೋ ಇಲ್ಲವೋ. ನನ್ನ ಕೈಗೆ ಏನೂ ತಿಳಿಯಲಿಲ್ಲ.

ಇದನ್ನೇ ಗೌತಮಿಗೆ ಮಾಡಿದ್ದೇನೆ.

ಆಗಸ್ಟ್ 29, ಶುಕ್ರವಾರ

ಪರೀಕ್ಷೆ ನಾಡಿದ್ದು. ಎಡ ತೋಳು ಕೊಟ್ಟೆ. "ಬೇಡ ಅಕ್ಕ," ಅಂದಳು. ಮ್ಯಾಟಿನ ಮೇಲೆ ಮಲಗಿಯೇ ಇದ್ದೆ. ಕೊನೆಗೆ ಬಂದು ಹಿಡಿದಳು, ಹಸಿ ಮಡಕೆ ಹಿಡಿದ ಹಾಗೆ. ಕೂಡಲೇ ತಟ್ಟಿದೆ.

"ಸುಳ್ಳು. ನಾನಿನ್ನೂ ಎಳೆದೇ ಇಲ್ಲ."

ನಿಜ. ಮತ್ತೊಮ್ಮೆ.

ಈ ಸಲ ಕಾದೆ. ನೋವು ಗೋಡೆಯಾಚೆ ಮೊದಲು. ಆಮೇಲೆ ಈಚೆ. ಮೊಣಕೈಯ ಒಳಗೆ, ಸಣ್ಣದು, ಬಿಸಿ. ತಟ್ಟಿದೆ. ಬಿಟ್ಟಳು.

"ಎಲ್ಲಿ?"

"ಇಲ್ಲಿ."

ಆ ಜಾಗ ಮುಟ್ಟಿ ನೋಡಿದಳು. "ಆ. ಈಗ ಗೊತ್ತಾಯ್ತು," ಅಂದಳು. ಮತ್ತೆ ಹಾಕಿದಳು. ಮತ್ತೆ. ಬೆವರಿ ನಗುವವರೆಗೆ. ಭಾನುವಾರ ನೀವೇ ಕೆಳಗಿರಬೇಕು ಅಂದಳು.

ಮನೆಗೆ ಬಂದು ಮಂಚದ ಅಂಗಡಿಗೆ ಫೋನ್ ಮಾಡಿದೆ. ಅಮ್ಮನ ಮಂಚ ಬಾಡಿಗೆಯದು, ಇಷ್ಟು ದಿನ ಹಾಗೇ ಬಿಟ್ಟಿದ್ದೆ. ಸೋಮವಾರ ಒಯ್ಯುತ್ತಾರೆ. ಒರೆಸುತ್ತಿದ್ದೆ. ಕಂಬಿಯಲ್ಲಿ, ಅಮ್ಮನ ಎಡಗೈ ಬೀಳುತ್ತಿದ್ದ ಕಡೆ, ಬಣ್ಣ ಹೋಗಿದೆ. ಬೆರಳಗಲ. ಎಡ ಮೊಣಕೈ ಈಗಲೂ ನೋಯುತ್ತಿದೆ. ಬಣ್ಣ ಹೋದಲ್ಲೇ ಕೈ ಇಟ್ಟು ಎರಡು ಸಲ ತಟ್ಟಿದೆ.