ನಿನ್ನದೇ ದನಿಯ ‘ಬ್ಯಾಡ’

ಕನಕಗಿರಿ
ಮಂಗಳವಾರ, ತಾ. 18-11-2025

ಪ್ರೀತಿಯ ಮಗಳೇ ಗಂಗಾ,

ನಿನ್ನ ಅವ್ವ ಹನುಮಂತಮ್ಮ ಬರೆಯುತ್ತಿದ್ದೇನೆ. ಮೈಯಲ್ಲಿ ಹುಷಾರಾಗಿದ್ದೀಯಾ? ಆನೆಗೊಂದಿಯಲ್ಲಿ ಹೊಳೆ ದಂಡೆಯ ಥಂಡಿ ಹೆಚ್ಚು, ನಿನಗೋ ಚಿಕ್ಕಂದಿನಿಂದ ನೆಗಡಿ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಬೆಳಿಗ್ಗೆ ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಬೀಳಬೇಡ. ನಿನ್ನ ವಿರುಪಾಕ್ಷಿ ಹೇಗಿದ್ದಾನೆ? ಬಾಳೆನಾರಿನ ಬುಟ್ಟಿ ಹೆಣೆದು ಹೆಣೆದು ಅವನ ಬೆರಳು ಬಿರಿಯುತ್ತವೆ ಎಂದು ನೀನೇ ಹೇಳಿದ್ದೆ, ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲಿಕ್ಕೆ ಹೇಳು. ಆ ಬೆರಳೇ ಅವನಿಗೆ ಅನ್ನ, ಆ ಬೆರಳೇ ಅವನಿಗೆ ಮಾತು. ನಾನು ಇಲ್ಲಿ ಕ್ಷೇಮ ಎಂದು ಬರೆಯಬೇಕು, ಪತ್ರ ಎಂದ ಮೇಲೆ ಹಾಗೆ ಬರೆಯುವುದು ರೂಢಿ. ಬರೆಯುವುದಿಲ್ಲ. ಮೊಣಕಾಲು ನೋವು ಹಾಗೇ ಇದೆ, ಅದರ ಮೇಲೆ ಈ ಮನೆಯವರ ಮೇಲಿನ ಸಿಟ್ಟಿಗೆ ಉಂಡದ್ದು ಮೈಗೆ ಹತ್ತುತ್ತಿಲ್ಲ.

ಫೋನು ಇರುವಾಗ ಪತ್ರ ಯಾಕೆ ಎನ್ನುತ್ತೀಯೇನೋ. ನಿನ್ನ ಅಣ್ಣ ಕನಕರಾಜ ನೀನು ಮಾಡಿದರೂ ಫೋನು ಹತ್ತದ ಹಾಗೆ ಮಾಡಿ, ನನ್ನ ಫೋನಿನಿಂದ ನಿನ್ನನ್ನು ಅಳಿಸಿ ಹಾಕಿದ್ದಾನೆ. ನಿನ್ನ ನಂಬರು ನನಗೆ ಬಾಯಿಪಾಠ ಇರಲಿಲ್ಲ, ಹಸಿರು ಸೀರೆಯ ನಿನ್ನ ಫೋಟೋ ನೋಡಿ ಒತ್ತುತ್ತಿದ್ದೆ. ಏಳನೇ ಇಯತ್ತೆಯ ತನಕ ಕಲಿತ ಅಕ್ಷರ ಮಾತ್ರ ಅವನಿಗೆ ಅಳಿಸಲಿಕ್ಕೆ ಬರಲಿಲ್ಲ. ಬಾಳೆಹಣ್ಣಿನ ವ್ಯಾಪಾರಕ್ಕೆ ನಿಮ್ಮ ಕಡೆ ಬರುವ ಪಕ್ಕದ ಮನೆ ಶಾಯಿಸ್ತಾ ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡ, ಒಳಗೆ ಕರೆದು ಚಹಾ ಕೊಡು.

ಇನ್ನು ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಈ ಮನೆಯಲ್ಲಿ ಎಲ್ಲರೂ ಎಲ್ಲ ಮರೆತವರ ಹಾಗೆ ನಡೆದುಕೊಳ್ಳುತ್ತಿದ್ದಾರೆ, ನಾನಾದರೂ ನೆನಪಿಸಿಕೊಳ್ಳುತ್ತೇನೆ. ಇಲ್ಲಿನ ಸ್ಟ್ಯಾಂಡಿನಲ್ಲಿ ಟಂಟಂ, ಕ್ರೂಸರು ಗಾಡಿಗಳಿಗೆ ಮಂದಿ ತುಂಬಿಸುತ್ತ ನಿಮ್ಮಪ್ಪ ‘ಗಂಗಾಆಆವತಿ, ಗಂಗಾಆಆವತಿ’ ಎಂದು ಕೂಗಿದರೆ ಸಂತೆಯ ಆ ತುದಿಯವರು ಗಂಟುಮೂಟೆ ಎತ್ತಿಕೊಂಡು ಓಡಿ ಬರುತ್ತಿದ್ದರು. ಅಂಥ ಗಂಟಲು ಲಕ್ವಾ ಹೊಡೆದು ಒಂದೇ ಬೆಳಗಿನಲ್ಲಿ ಬಿದ್ದುಹೋಯಿತು. ಬಲಗೈ ಹೋಯಿತು, ನಾಲಿಗೆ ಹೋಯಿತು. ಕಿವಿ, ಬುದ್ಧಿ, ಹಟ ಮಾತ್ರ ಮೊದಲಿನ ಹಾಗೇ ಉಳಿದವು. ಕೊಪ್ಪಳದಲ್ಲಿ ಮಾತು ಕಲಿಸುವ ಮೇಡಂ ಚಿತ್ರ ಒತ್ತಿದರೆ ಮಾತಾಡುವ ಆ ಟ್ಯಾಬ್ ಕೊಟ್ಟು ನೀರಿನ ಚಿತ್ರ ಒತ್ತಿಸಿದಾಗ ಅದರೊಳಗಿನ ಹೆಂಗಸು ‘ದಯವಿಟ್ಟು ನನಗೆ ನೀರನ್ನು ಕೊಡಿ’ ಎಂದಳು. ನಿಮ್ಮಪ್ಪ ಟ್ಯಾಬನ್ನೇ ಆಚೆ ತಳ್ಳಿದರು. ನಮ್ಮ ಮನೆಯಲ್ಲಿ ಯಾರು ಯಾವಾಗ ಹಾಗೆ ನೀರು ಕೇಳಿದ್ದಾರೆ? ಆಗ ನೀನು, ಬೀದಿಯ ಗದ್ದಲ ಒಳಗೆ ಸೇರಬಾರದೆಂದು ಆ ಬಿರುಬೇಸಿಗೆಯಲ್ಲಿ ಕೌದಿ ಹೊದ್ದು ಕುಳಿತು, ಬೆವರು ಸುರಿಸುತ್ತ, ಒಂದೊಂದೇ ಮಾತನ್ನು ನಿನ್ನ ದನಿಯಲ್ಲಿ ತುಂಬಿದೆ. ನೀರ ಕೊಡ್ರಿ. ಚಾ ಮಾಡ್ರಿ. ಬೆನ್ನ ನೋಯಾಕತ್ತೈತಿ. ಬೇಕು. ಬ್ಯಾಡ. ಮನಸ್ಸಿನೊಳಗಿನದ್ದೂ ಹಾಕಬೇಕು ಎಂದು ಮೇಡಂ ಹೇಳಿದ್ದಕ್ಕೆ ಕೆಂಪು ಮುಖದ ಚಿತ್ರ ಇಟ್ಟು ‘ಸಿಟ್ಟು’ ಎಂದೆ. ಇವರ ಸಿಟ್ಟು ತಿಳಿಯಲಿಕ್ಕೆ ಮಷಿನ್ ಯಾಕೆ ಬೇಕು ಎಂದು ನಾನು ನಕ್ಕಿದ್ದೆ. ಅಪ್ಪನಿಗೆ ಖುಷಿಯಾಗಲಿ ಎಂದು ಊರುಗಳ ಹೆಸರನ್ನೂ ಸೇರಿಸಿದೆ, ಅದರಲ್ಲೂ ಗಂಗಾವತಿಯನ್ನು ಥೇಟ್ ಅವರ ಹಾಗೆಯೇ ಎಳೆದು ಕೂಗಿದೆ. ಅವತ್ತು ಅವರು ಅರ್ಧ ಬಾಯಿಯಿಂದಲೇ ಎಷ್ಟು ನಕ್ಕರು! ನನ್ನ ಹೆಸರು, ಕನಕರಾಜನ ಹೆಸರು, ಶಾಯಿಸ್ತಾಳದು, ಕಡೆಗೆ ಎಮ್ಮೆಯ ಹೆಸರು ಕೂಡ ತುಂಬಿದೆ. ನಿನ್ನ ಹೆಸರೊಂದನ್ನು ಬಿಟ್ಟೆ. ನೀನು ಸದಾ ಅವರ ಎದುರಿಗೇ ಇರುತ್ತಿದ್ದೆ, ಕರೆಯುವ ಪ್ರಸಂಗ ಎಲ್ಲಿ ಬಂತು? ತನ್ನನ್ನು ತಾನೇ ಯಾರು ಕೂಗಿಕೊಳ್ಳುತ್ತಾರೆ?

ಕೊಪ್ಪಳದ ಆ ಬೆಂಚಿನ ಮೇಲೆ ವಿರುಪಾಕ್ಷಿ ಮೊದಲ ಸಲ ನಿಮ್ಮಪ್ಪನ ಪಕ್ಕದಲ್ಲಿ ಕುಳಿತದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ, ಬಂದ ಹಾಗೆಯೇ ಒಣಗುತ್ತದೆ. ಹುಟ್ಟಿನಿಂದಲೂ ನಾಲಿಗೆ ಹೊರಳದ ಹುಡುಗ, ತಲೆ ಮಾತ್ರ ಚುರುಕು. ಅವನ ಟ್ಯಾಬಿನ ಗಂಡು ‘ನಮಸ್ಕಾರ, ತಾವು ಹೇಗಿದ್ದೀರಿ’ ಎಂದು ಶಾಲೆಯ ಇನ್ಸ್‌ಪೆಕ್ಟರನ ಹಾಗೆ ಕೇಳಿದರೆ, ನಿಮ್ಮಪ್ಪನ ಟ್ಯಾಬಿನಿಂದ ನೀನು ‘ಅರಾಮ ಅದೀನ್ರಿ’ ಎನ್ನುತ್ತಿದ್ದೆ. ಇಬ್ಬರೂ ಬಾಯಿ ಮುಚ್ಚಿಕೊಂಡೇ ಜಗಳವಾಡುತ್ತಿದ್ದರು, ಮೇಲಿಂದ ಮೇಲೆ ಚಿತ್ರ ಒತ್ತಿ ಒಬ್ಬರನ್ನೊಬ್ಬರು ಸೋಲಿಸುತ್ತಿದ್ದರು. ‘ಯಜಮಾನ್ರ, ಎರಡೆರಡ ಸಲ ಒತ್ತಬ್ಯಾಡ್ರಿ, ಮಾತು ಅರ್ಧಕ್ಕ ಕಟ್ ಆಗ್ತೈತಿ’ ಎಂದು ಮೇಡಂ ಬಯ್ದರೂ ಬಿಡಲಿಲ್ಲ. ಬಿದ್ದ ಮೇಲೆ ನಿಮ್ಮಪ್ಪನ ಜೊತೆ ಸರಿಸಮನಾಗಿ ಹರಟೆ ಹೊಡೆದ ಒಬ್ಬನೇ ಗಂಡಸು ಅವನು. ಉಳಿದವರೆಲ್ಲ ಬಂದು ಜೋರಾಗಿ ಕಿರುಚಿ ಮಾತಾಡಿಸಿ, ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು, ಕಿವಿಯೂ ಹೋಗಿದೆ ಎಂದುಕೊಂಡು. ನೀನು ಅವನನ್ನು ಯಾಕೆ ಮೆಚ್ಚಿದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನೀವಿಬ್ಬರೂ ರಿಜಿಸ್ಟರ್ ಮದುವೆ ಆದದ್ದೇ ತಡ, ಈ ಮನೆಗೆ ಮಾನ ನೆನಪಾಯಿತು. ಜಾತಿ ಬೇರೆಯಲ್ಲ, ಹುಡುಗ ಕುಡುಕನಲ್ಲ, ದುಡಿದು ತಿನ್ನುತ್ತಾನೆ. ಇರುವ ತಪ್ಪು ಒಂದೇ, ಮಾತು ಬಾರದವನು. ‘ಅಪ್ಪ ಬಾ ಅಂದ್ರ ಬರ್ತೇನಿ, ಬ್ಯಾಡ ಅಂದ್ರ ಹೊಸ್ತಿಲ ತುಳಿಯಂಗಿಲ್ಲ’ ಎಂದು ನೀನು ಫೋನಿನಲ್ಲಿ ಹೇಳಿದ್ದೆಯಲ್ಲ, ಅದನ್ನೇ ಹಿಡಿದುಕೊಂಡು ಕನಕರಾಜ ನಿಮ್ಮ ಕುಷ್ಟಗಿ ದೊಡ್ಡಪ್ಪನನ್ನು ಕರೆಸಿದ. ಅವನ ಯಲಬುರ್ಗಾದ ಮಾವನೂ ಬಂದು ಕುಳಿತ. ನಿಮ್ಮಪ್ಪನನ್ನು ದಿಂಬಿಗೆ ಒರಗಿಸಿ, ತೊಡೆಯ ಮೇಲೆ ಟ್ಯಾಬ್ ಇಟ್ಟರು. ಮಾವನ ಮುಂದೆ ತನ್ನ ಮುಖ ಉಳಿಸಿಕೊಳ್ಳಬೇಕಿತ್ತು ನೋಡು, ಕನಕರಾಜ ಬಾಯಿಬಿಟ್ಟ: ‘ಮನ್ಯಾಗ ಒಬ್ಬ ಮೂಗ ಇದ್ದದ್ದು ಸಾಲದೇನು? ಇನ್ನೊಬ್ಬನ್ನ ತಂದು ಕುಂದ್ರಸೂಣೇನು?’ ಹೆತ್ತ ಅಪ್ಪನ ಎದುರಿಗೆ, ಅವನ ಮುಖ ನೋಡುತ್ತಲೇ ಅಂದ. ದೊಡ್ಡಪ್ಪ ‘ನೀ ಹೇಳಪಾ ಗೋಣೆಪ್ಪ, ಬೇಕೋ ಬ್ಯಾಡೋ’ ಎಂದರು. ನಿಮ್ಮಪ್ಪನ ಎಡಗೈ ಹೋಗಿ ಒತ್ತಿತು. ‘ಬ್ಯಾಡ.’ ನಿನ್ನ ದನಿ, ಗಂಗಾ. ಕೌದಿಯೊಳಗೆ ಕುಳಿತು ತುಂಬಿದ ನಿನ್ನದೇ ದನಿ. ದೊಡ್ಡಪ್ಪ ತೊಡೆ ತಟ್ಟಿ ‘ಮನಿ ಹಿರಿಯ ಹೇಳಿದ ಮ್ಯಾಲೆ ಮುಗೀತು, ಅಕಿ ಇನ್ನ ಈ ಹೊಸ್ತಿಲ ತುಳಿಯಂಗಿಲ್ಲ’ ಎಂದರು. ನಿಮ್ಮಪ್ಪ ಮತ್ತೆ ಒತ್ತಿದರು, ಮತ್ತೆ ಮತ್ತೆ ಒತ್ತಿದರು, ಬ್ಯಾಡ ಬ್ಯಾಡ ಬ್ಯಾಡ. ‘ತಿಳೀತ್ ಬಿಡಪಾ’ ಎನ್ನುತ್ತ ಕನಕರಾಜ ಟ್ಯಾಬಿನ ಸೌಂಡು ಬಂದ್ ಮಾಡಿದ. ಆಮೇಲೂ ಆ ಬೆರಳು ಒತ್ತುತ್ತಲೇ ಇತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಇನ್ನೊಮ್ಮಿ ಕೇಳ್ರಿ, ಸರಿಯಾಗಿ ಕೇಳ್ರಿ’ ಎಂದೆ. ದೊಡ್ಡಪ್ಪ ನನ್ನ ಕಡೆ ತಿರುಗಿ ‘ಚಾ ಆತೇನು’ ಎಂದು ಕೇಳಿದರು. ನನಗೆ ಲಕ್ವಾ ಹೊಡೆದಿಲ್ಲ, ನಾಲಿಗೆ ನೆಟ್ಟಗಿದೆ, ಆದರೂ ನನ್ನ ಮಾತಿಗೆ ಸಿಕ್ಕ ಉತ್ತರ ಅದು.

ಕನಕರಾಜ ಆ ಒಂದು ‘ಬ್ಯಾಡ’ವನ್ನು ತನ್ನ ಫೋನಿನಲ್ಲಿ ಹಿಡಿದು ನಿನಗೆ ವಾಟ್ಸಪ್ಪಿನಲ್ಲಿ ಕಳಿಸಿದನಂತೆ, ಹೆಮ್ಮೆಯಿಂದ ಹೇಳಿಕೊಂಡ. ನಿನ್ನ ದನಿಯೇ ನಿನ್ನನ್ನು ಹೊರಗೆ ಹಾಕಿದ್ದನ್ನು ನೀನು ಹೇಗೆ ಕೇಳಿದೆಯೋ. ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿದೆ. ಚಹಾ ಕೊಡಲು ಹೋದಾಗ ಬ್ಯಾಡ ಎಂದರೆ ಒಲ್ಲೆ ಎಂದು. ಕರುವಿನ ಮೇಲೆ ಕೋಲು ಎತ್ತಿದವನಿಗೆ ಬ್ಯಾಡ ಎಂದರೆ ಹೊಡೆಯಬೇಡ ಎಂದು. ಮಾತು ಒಂದೇ. ನಿಮ್ಮಪ್ಪ ಹೇಳಿದ್ದು ಯಾವ ಬ್ಯಾಡ? ಆ ಹುಡುಗ ಬ್ಯಾಡ, ಮಗಳು ಬ್ಯಾಡ ಎಂದರೋ, ಮೂಗ ಅನ್ನಬ್ಯಾಡ, ಹೀಗೆ ಮಾಡಬ್ಯಾಡ ಎಂದರೋ? ಒಬ್ಬರೇ ಇದ್ದಾಗ ನಾನು ಕೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಖಾತ್ರಿ ಇಲ್ಲದೆ ನಿನಗೆ ಏನೆಂದು ಬರೆಯಲಿ, ಸುಳ್ಳು ಆಸೆ ಹಚ್ಚಲಿಕ್ಕೆ ಮನಸ್ಸಾಗಲಿಲ್ಲ.

ಈಗೀಗ ಅವರು ನೀರು, ಊಟದ ಚಿತ್ರವನ್ನೂ ಬಿಟ್ಟು ಒಂದನ್ನೇ ಒತ್ತುತ್ತಾರೆ, ಗಂಗಾವತಿ. ಬೆಳಿಗ್ಗೆ ಎದ್ದರೆ ಗಂಗಾವತಿ, ಉಣ್ಣಿಸಲು ಕುಳಿತರೆ ಗಂಗಾವತಿ. ಹಳೆಯ ಧಂದೆ ನೆನಪಾಗಿದೆ, ಒಮ್ಮೆ ತಿರುಗಿಸಿಕೊಂಡು ಬಂದರೆ ಸುಮ್ಮನಾಗುತ್ತಾರೆ ಎಂದಳು ಕನಕರಾಜನ ಹೆಂಡತಿ, ನಿನ್ನ ವೈನಿ. ಕನಕರಾಜ ಆಟೋದಲ್ಲಿ ಗಂಗಾವತಿಗೆ ಕರೆದೊಯ್ದು ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ತಿನ್ನಿಸಲು ಹೋದ. ಗಂಗಾವತಿಯಲ್ಲೇ ಕುಳಿತು ಅವರು ಗಂಗಾವತಿ ಒತ್ತಿ ಅತ್ತರಂತೆ. ತಲೆ ಕೆಟ್ಟಿದೆ ಎಂದು ತೀರ್ಮಾನವಾಯಿತು. ಓಣಿಯ ಹುಡುಗರು ಕಿಟಕಿಗೆ ಬಂದು ‘ಅಜ್ಜಾ, ಗಂಗಾವತಿಗೆ ಸೀಟ್ ಐತೇನು’ ಎಂದು ಕಾಡುತ್ತಾರೆ. ಅದೂ ಒಮ್ಮೊಮ್ಮೆ ಪೂರ್ತಿ ಬರುವುದಿಲ್ಲ, ತೊದಲುತ್ತದೆ. ಮಷಿನ್ ಹಾಳಾಗಿದೆ, ಹುಣ್ಣಿಮೆ ಕಳೆದ ಮೇಲೆ ರಿಪೇರಿಗೆ ಒಯ್ದು ಅದರಲ್ಲಿನ ಗಂಡಸಿನ ದನಿ ಹಾಕಿಸುತ್ತೇನೆ ಎನ್ನುತ್ತಾನೆ ಕನಕರಾಜ. ಗಂಡಸು ಹೆಣ್ಣಿನ ದನಿಯಲ್ಲಿ ಮಾತಾಡಿದರೆ ಬೀಗರು ನಗುತ್ತಾರಂತೆ. ಅವರು ನಗುತ್ತಾರೆಂದು ನಿನ್ನ ದನಿಯೂ ಈ ಮನೆಯಿಂದ ಹೋಗಬೇಕು.

ಅದಕ್ಕೇ ಹೇಳುತ್ತೇನೆ, ಈ ಸಲ ಹೊಸ್ತಿಲ ಹುಣ್ಣಿಮೆಗೆ ಬರಬೇಡ. ಪ್ರತಿ ವರ್ಷ ನೀನೇ ಹೊಸ್ತಿಲು ತೊಳೆದು, ಅರಿಶಿನ ಹಚ್ಚಿ, ರಂಗೋಲಿ ಹಾಕುತ್ತಿದ್ದೆ. ಈ ಸಲ ಮೊಣಕಾಲು ಊರಿ ನಾನೇ ಹಾಕುತ್ತೇನೆ. ನೀನು ಬಂದು ಬಾಗಿಲಲ್ಲಿ ನಿಂತು, ಓಣಿಯವರೆಲ್ಲ ನೋಡುವಾಗ ತಿರುಗಿ ಹೋಗುವುದನ್ನು ಕಣ್ಣಿಂದ ನೋಡಲಾರೆ. ಶಾಯಿಸ್ತಾಳ ಕೈಯಲ್ಲಿ ಶೇಂಗಾ ಚಟ್ನಿ, ಮೆಣಸಿನಕಾಯಿಯ ಕೆಂಪಿಂಡಿ, ನಿನ್ನ ಆ ಕೌದಿಯನ್ನು ಕಳಿಸಿದ್ದೇನೆ. ವಿರುಪಾಕ್ಷಿಗೆ ನಾನು ಕೇಳಿದೆನೆಂದು ಹೇಳು. ಅವನ ಟ್ಯಾಬಿನ ಆ ಇನ್ಸ್‌ಪೆಕ್ಟರ್ ಸಾಹೇಬರಿಗೂ ನಮಸ್ಕಾರ ತಿಳಿಸು. ಹುಲಿಗೆಮ್ಮ ನಿಮ್ಮಿಬ್ಬರ ತಲೆ ಕಾಯಲಿ.

ನಿನ್ನ ಅವ್ವ,
ಹನುಮಂತಮ್ಮ

ತಾ.ಕ. ಪತ್ರ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಶಾಯಿಸ್ತಾ ಬಸ್ಸು ಹೋಗುತ್ತದೆ ಎಂದು ಅವಸರ ಮಾಡುತ್ತಿದ್ದಾಳೆ. ಅವಳು ಒಳಗೆ ಬಂದು ‘ಗಂಗಾಗ ಕೊಡೂ ಚೀಟಿ ಆತೇನ್ರಿ’ ಎಂದಳು. ಅವತ್ತಿನಿಂದ ಈ ಮನೆಯಲ್ಲಿ ಯಾರೂ ನಿನ್ನ ಹೆಸರು ಎತ್ತಿರಲಿಲ್ಲ. ಮಲಗಿದ್ದ ನಿಮ್ಮಪ್ಪ ತಟ್ಟನೆ ನನ್ನ ಸೆರಗು ಎಳೆದರು. ಟ್ಯಾಬ್ ಕೊಟ್ಟೆ. ಗಂಗಾವತಿ ಒತ್ತಿದರು, ಅದು ಮುಗಿಯುವ ಮೊದಲೇ ಮತ್ತೆ ಒತ್ತಿ ಕಟ್ ಮಾಡಿದರು. ‘ಗಂಗಾ’ ಎಂದಿತು. ನನ್ನ ಮುಖ ನೋಡಿ ಮತ್ತೆ ಹಾಗೇ ಮಾಡಿದರು. ‘ಗಂಗಾ.’ ಮಷಿನ್ ತೊದಲುತ್ತಿರಲಿಲ್ಲ ಮಗಳೇ, ನಿನ್ನ ಹೆಸರು ಅದರಲ್ಲಿ ಇಲ್ಲವೆಂದು ಊರಿನ ಹೆಸರನ್ನು ಮುರಿದು ಇಷ್ಟು ದಿನ ನಿನ್ನನ್ನು ಕರೆಯುತ್ತಿದ್ದರು. ಆಮೇಲೆ ಕೆಂಪು ಮುಖದ ಚಿತ್ರ ಒತ್ತಿದರು, ‘ಸಿಟ್ಟು’. ಆಮೇಲೆ ‘ಬ್ಯಾಡ’. ಗಂಗಾ, ಸಿಟ್ಟು ಬ್ಯಾಡ. ಇದು ನಿಮ್ಮಪ್ಪ ಹೇಳಿದ್ದು, ನಾನಲ್ಲ. ನನ್ನ ಸಿಟ್ಟು ಎಲ್ಲೂ ಹೋಗಿಲ್ಲ, ನಿನ್ನದೂ ಇರಲಿ. ಸಿಟ್ಟು ಇಟ್ಟುಕೊಂಡೇ ಬಾ. ಬರಬೇಡ ಎಂದು ಮೇಲೆ ಬರೆದದ್ದನ್ನು ಓದಲೇಬೇಡ. ಹೊಸ್ತಿಲ ಹುಣ್ಣಿಮೆಗೆ ಅಳಿಯಂದಿರನ್ನು ಕರೆದುಕೊಂಡು ಬಾ, ಟ್ಯಾಬಿಗೆ ಚಾರ್ಜು ಪೂರ್ತಿ ತುಂಬಿಸಿಕೊಂಡು ಬರಲಿಕ್ಕೆ ಹೇಳು, ಮಾವನವರ ಹತ್ತಿರ ಮಾತು ಭಾಳ ಇದೆ. ಆ ಹೊಸ್ತಿಲಿಗೆ ಅರಿಶಿನ ಹಚ್ಚುವವಳು ನಾನು, ಅದನ್ನು ಯಾರು ತುಳಿಯಬೇಕೆಂದು ನಾನು ಹೇಳುತ್ತೇನೆ. ಕುಷ್ಟಗಿ ದೊಡ್ಡಪ್ಪ ಬಂದರೆ ಬರಲಿ, ಚಹಾ ಅವರೇ ಕಾಸಿಕೊಳ್ಳಲಿ.